ಹಾಸನ ಸೀಮೆಯ ಕೋಟೆ ಅಗಳುಗಳು

ಹಾಸನ ಸೀಮೆಯ ಪೂರ್ವಕಾಲದ ಮಾತೆತ್ತಿದರೆ ಸಾಕು, ನಮ್ಮ ಮನಸ್ಸು ಬೇಲೂರಿಗೂ ಹಳೆಯಬೀಡಿಗೂ ಓಡುವುದು. ಅಲ್ಲಿಂದ ಹಿಂದಿರುಗುವಾಗ ಶ್ರವಣಬೆಳಗೊಳದ ಬೆಟ್ಟವನ್ನು ಹತ್ತಿ ಇಳಿಯುವುದು. ಇದು ಸಹಜವೇ. ಅಂಥ ಶಿಲ್ಪವನ್ನು ಮನೆಯ ಬಾಗಿಲಲ್ಲಿಟ್ಟುಕೊಂಡವರು ಬೇರೆ ಕಡೆ ನೋಡದೆ ಹೋದರೆ ಯಾರೂ ತಪ್ಪೆನ್ನಲಾರರು. ಆದರೆ ಈ ಸಂಜೆ ನಾವು ಹೇಳಹೊರಟಿರುವುದು ಕಲ್ಲಿನ ಮೇಲಣ ಕುಸುರಿಗೆಲಸವನ್ನಲ್ಲ, ನೆಲದೊಳಗಣ ಒಂದು ಗುಣಿಯನ್ನು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂಬ ಈ ನಾಲ್ಕು ಊರುಗಳೂ ಒಂದು ಕಾಲಕ್ಕೆ ಕೋಟೆಯ ಊರುಗಳು. ಕೋಟೆಯೆಂದರೆ ಗೋಡೆಯೆಂದು ನಾವು ತಿಳಿಯುತ್ತೇವೆ; ಗೋಡೆಗಿಂತ ಮೊದಲು ಹುಟ್ಟಿದ್ದು ಅದರ ಸುತ್ತಣ ಅಗಳು.

ಅಗಳು ಎಂಬ ಮಾತು ಇಂದಿನ ಪಟ್ಟಣಿಗರ ಕಿವಿಗೆ ಹೊಸದಾಗಿ ಕೇಳಿಸಬಹುದು. ಹಳಗನ್ನಡದಲ್ಲಿ ಅದು 'ಅಗಳ್'. ಅಗೆಯುವ ಕೆಲಸವನ್ನು ಹೇಳುವ ಮಾತುಗಳ ಬಳಗಕ್ಕೆ ಸೇರಿದ್ದು. ಸಂಸ್ಕೃತದವರು ಇದನ್ನು ಪರಿಖೆ ಎಂದರು. ಈಗ ಹೆಚ್ಚಾಗಿ ಬಳಕೆಯಲ್ಲಿರುವ 'ಕಂದಕ'ವು ಪಾರಸಿಯ ಕಡೆಯಿಂದ ಸೈನ್ಯದ ಸಂಗಡ ನಮ್ಮ ನಾಡಿಗೆ ಬಂದ ಶಬ್ದ. ಇಂಗ್ಲಿಷಿನಲ್ಲಿ ಇದಕ್ಕೆ 'ಮೋಟ್' ಎಂದು ಹೆಸರು. ಆ ಶಬ್ದದ ಚರಿತ್ರೆ ಬಲು ವಿನೋದವಾದುದು. ಹಳೆಯ ಫ್ರೆಂಚ್ ಭಾಷೆಯಿಂದ ಬಂದಾಗ ಅದು ಗುಣಿಗೆ ಹೆಸರಾಗಿರಲಿಲ್ಲ, ಮಣ್ಣಿನ ದಿಬ್ಬಕ್ಕೆ ಹೆಸರಾಗಿತ್ತು. ಹಾಗೆಯೇ 'ಡಿಚ್', 'ಡೈಕ್' ಎಂಬೆರಡು ಮಾತುಗಳು ಒಂದೇ ತಾಯಿಯ ಮಕ್ಕಳು. ಒಂದು ಗುಣಿಯಾಯಿತು, ಇನ್ನೊಂದು ಏರಿಯಾಯಿತು. ಜನರ ನಾಲಗೆ ಹೀಗೆ ದಿಬ್ಬಕ್ಕೂ ಗುಣಿಗೂ ಒಂದೇ ಹೆಸರನ್ನು ಹಂಚಿದ್ದು ಅಜ್ಞಾನದಿಂದಲ್ಲ. ಕೆಲಸ ಒಂದೇ. ಇಲ್ಲಿಂದ ತೆಗೆದ ಮಣ್ಣೇ ಅಲ್ಲಿ ಗೋಡೆಯಾಗುವುದು.

ಇದನ್ನು ಕೌಟಿಲ್ಯನು ಸ್ಪಷ್ಟವಾಗಿ ಹೇಳಿದ್ದಾನೆ. ಆತನ ಅರ್ಥಶಾಸ್ತ್ರವು ಬಹುಕಾಲ ಹೆಸರಿನಿಂದ ಮಾತ್ರ ಗೊತ್ತಿದ್ದು, ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ದೊರೆತ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ಅದನ್ನು 1909ರಲ್ಲಿ ಅಚ್ಚು ಹಾಕಿಸಿದರೆಂಬುದನ್ನು ಮೈಸೂರಿನವರಾದ ನಾವು ಹೆಮ್ಮೆಯಿಂದ ನೆನೆಯಬಹುದು. ದುರ್ಗದ ಸುತ್ತ ಒಂದೊಂದು ದಂಡದ ಅಂತರದಲ್ಲಿ ಮೂರು ಪರಿಖೆಗಳಿರಬೇಕು. ಅವುಗಳ ಅಗಲ 14, 12, 10 ದಂಡಗಳು. ದಂಡವೆಂದರೆ ಸುಮಾರು ಆರು ಅಡಿ ಎಂದಿಟ್ಟುಕೊಂಡರೆ ಮೊದಲನೆಯದೇ ಎಂಬತ್ತು ಅಡಿ ಮೀರುವುದು! ನೀರಿನಲ್ಲಿ ತಾವರೆಯೂ ಇರಬೇಕು, ಮೊಸಳೆಯೂ ಇರಬೇಕು. ಪರಿಖೆಯಿಂದ ನಾಲ್ಕು ದಂಡ ಒಳಗೆ, ಅಗೆದ ಆ ಮಣ್ಣಿನಿಂದಲೇ ಕೋಟೆಯ ಏರಿಯನ್ನೆಬ್ಬಿಸಿ, ಆನೆ ಗೂಳಿಗಳಿಂದ ತುಳಿಸಿ ಗಟ್ಟಿಮಾಡಿ, ಮುಳ್ಳಿನ ಪೊದೆಗಳನ್ನೂ ವಿಷದ ಬಳ್ಳಿಗಳನ್ನೂ ಹಬ್ಬಿಸಬೇಕು. ಇಷ್ಟು ಆಡಂಬರ ಚಕ್ರವರ್ತಿಗಳಿಗೆ ಸರಿ. ಅರಕಲಗೂಡಿನಂಥ ಒಂದು ಊರಿನ ನಾಯಕನಿಗೆ ಮೂರು ಪರಿಖೆಯೆಲ್ಲಿ, ಮೊಸಳೆಯೆಲ್ಲಿ? ಆದರೆ ಮೂಲಸೂತ್ರ ಒಂದೇ.

ಒಂದು ಲೆಕ್ಕ ಹಾಕಿ ನೋಡೋಣ. ಇಪ್ಪತ್ತು ಅಡಿ ಅಗಲ, ಹತ್ತು ಅಡಿ ಆಳದ ಅಗಳೆಂದು ಇಟ್ಟುಕೊಳ್ಳಿ. ಒಂದಡಿ ಉದ್ದಕ್ಕೆ 200 ಘನ ಅಡಿ ಮಣ್ಣು ಬರುವುದು. ಬುಡದಲ್ಲಿ 20 ಅಡಿ, ತಲೆಯಲ್ಲಿ 8 ಅಡಿ ದಪ್ಪವಾಗಿ 14 ಅಡಿ ಎತ್ತರದ ಮಣ್ಣುಗೋಡೆ ಹಾಕಿದರೆ ಹೆಚ್ಚುಕಡಿಮೆ ಅಷ್ಟೇ ಮಣ್ಣು ಬೇಕು. ಕೆಳಗೆ ಹತ್ತಡಿ, ಮೇಲೆ ಹದಿನಾಲ್ಕಡಿ. ಹತ್ತಿ ಬರುವ ಶತ್ರುವಿಗೆ ಇಪ್ಪತ್ತನಾಲ್ಕು ಅಡಿಯ ತಡೆ, ಹೊರಗಿನಿಂದ ಒಂದು ಬುಟ್ಟಿ ಮಣ್ಣನ್ನೂ ತಾರದೆ ಸಿದ್ಧವಾಗುವುದು. ಕೋಟೆಯ ಸುತ್ತಳತೆ ಅರ್ಧ ಮೈಲಿಯಾದರೆ ಮಣ್ಣು 5,28,000 ಘನ ಅಡಿ. ಒಬ್ಬ ಆಳು ದಿನಕ್ಕೆ ನೂರು ಘನ ಅಡಿ ಅಗೆದು, ಅವನ ಹಿಂದೆ ಇನ್ನೊಬ್ಬರು ಬುಟ್ಟಿ ಹೊತ್ತರೆ, ಒಟ್ಟು 10,560 ದಿನದ ದುಡಿಮೆ. ಇನ್ನೂರು ಮಂದಿ ಕೂಡಿದರೆ ಐವತ್ತಮೂರು ದಿನ. ಸುಗ್ಗಿ ಮುಗಿದು ಮುಂಗಾರು ಬೀಳುವ ಮೊದಲು ಕೆಲಸ ತೀರುವುದು. ಮಣ್ಣುಕೆಲಸದಲ್ಲಿ ನುರಿತ ಭೋವಿ ಜನ ಅಗೆಯಲು, ಊರಿನ ಗಂಡಸರು ಹೆಂಗಸರು ಹೊರಲು. ಕೂಲಿಯ ಮಾತು ಬೇಡ; ಶಾಸನಗಳಲ್ಲಿ 'ಬಿಟ್ಟಿ' ಎಂಬ ಒಂದು ಪದ ಪದೇ ಪದೇ ಬರುವುದಷ್ಟೆ, ಅದರ ಅರ್ಥ ಎಲ್ಲರಿಗೂ ಗೊತ್ತು. ದೇವಸ್ಥಾನ ಕಟ್ಟಿಸಿದವನ ಹೆಸರು ಕಲ್ಲಿನ ಮೇಲಿದೆ. ಹೊಯ್ಸಳ ಶಿಲ್ಪಿಗಳಂತೂ ತಮ್ಮ ವಿಗ್ರಹಗಳ ಕೆಳಗೆ ತಮ್ಮ ಹೆಸರನ್ನೇ ಕೆತ್ತಿಟ್ಟು ಹೋದರು. ಈ ಬುಟ್ಟಿ ಹೊತ್ತವರ ಹೆಸರು ಎಲ್ಲಿಯೂ ಇಲ್ಲ. ಹಾಸನ ಜಿಲ್ಲೆಯ ಶಾಸನಗಳನ್ನು ರೈಸ್ ಅವರು 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟವಾಗಿ ಹೊರತಂದರು. ಆ ದೊಡ್ಡ ಹೊತ್ತಗೆಯಲ್ಲಿ ದಾನಿಗಳೂ ದಂಡನಾಯಕರೂ ತುಂಬಿದ್ದಾರೆ. ಅಗೆದವರು ಬರೆದುಹೋದದ್ದು ಅಗಳೊಂದನ್ನೇ.

ಇನ್ನು ಊರುಗಳ ಮಾತು. ಹೊಳೆನರಸೀಪುರದ ಕೋಟೆಯನ್ನು 1168ರಲ್ಲಿ ನರಸಿಂಹನಾಯಕನೆಂಬ ಪಾಳೆಯಗಾರನು ಕಟ್ಟಿದನೆಂದೂ, 1667ರಲ್ಲಿ ಅವನ ವಂಶದವರಿಂದ ಮೈಸೂರಿನ ದೊಡ್ಡದೇವರಾಜ ಒಡೆಯರು ಅದನ್ನು ತೆಗೆದುಕೊಂಡರೆಂದೂ ರೈಸ್ ಅವರ ಗೆಜೆಟಿಯರು ಹೇಳುವುದು. ಎರಡನೆಯ ಮಾತಿನಲ್ಲಿ ನಮಗೆ ತಕರಾರಿಲ್ಲ. ಮೊದಲನೆಯದು ಮಾತ್ರ ಗಂಟಲಲ್ಲಿ ಇಳಿಯದು. 1168 ಎಂದರೆ ಹೊಯ್ಸಳ ಒಂದನೆಯ ನರಸಿಂಹನ ಆಳ್ವಿಕೆಯ ಕಾಲ. ಪಾಳೆಯಗಾರರೆಂಬುವರು ತಲೆಯೆತ್ತಿದ್ದು ವಿಜಯನಗರದ ದಿನಗಳಲ್ಲಿ. ದೊರೆಯ ಹೆಸರೂ ನಾಯಕನ ಹೆಸರೂ ಊರ ದೇವರ ಹೆಸರೂ ಒಂದೇ ಆದುದರಿಂದ ಜನರ ನೆನಪು ಮೂವರನ್ನೂ ಒಂದೇ ಪೀಠದಲ್ಲಿ ಕೂರಿಸಿರಬೇಕೆಂದು ನಮ್ಮ ಊಹೆ. ಅಲ್ಲಿನ ಲಕ್ಷ್ಮೀನರಸಿಂಹ ದೇವಾಲಯ ಹೊಯ್ಸಳರ ತ್ರಿಕೂಟ. ಊರು ಹಳೆಯದೇ, ಅನುಮಾನವಿಲ್ಲ. ಹೇಮಾವತಿಯ ದಂಡೆಯ ಮೇಲೆ ಆ ಸ್ಥಳವನ್ನು ಆರಿಸಿದವನು ಯಾರೇ ಇರಲಿ, ಜಾಣ. ಹೊಳೆಯ ಮಗ್ಗುಲಲ್ಲಿ ಕೋಟೆ ಕಟ್ಟುವವನಿಗೆ ಒಂದು ಪಕ್ಕದ ಅಗಳನ್ನು ಹೊಳೆಯೇ ತೋಡಿ ಕೊಡುವುದು.

ಅರಕಲಗೂಡಿಗೆ ಅರ್ಕಪುರಿಯೆಂದು ಪುರಾಣದ ಹೆಸರು. ಗೌತಮ ಋಷಿಯು ಸೂರ್ಯನನ್ನು ಕುರಿತು ಅಲ್ಲಿ ತಪಸ್ಸು ಮಾಡಿದನೆಂದು ಐತಿಹ್ಯ. ಈಗಿನ ಊರನ್ನು 1568ರ ಸುಮಾರಿಗೆ ಸ್ಥಾಪಿಸಿದವನು ಐಗೂರು ಮನೆತನದ ಕೃಷ್ಣಪ್ಪನಾಯಕ. ಒಂದು ಕಡೆ ಮೈಸೂರು, ಒಂದು ಕಡೆ ಕೊಡಗು, ಬೆನ್ನ ಹಿಂದೆ ಮಲೆನಾಡು. ಇಂಥ ಮೂರು ಸೀಮೆಗಳ ಸಂಧಿಯಲ್ಲಿ ಕುಳಿತವನು ಆಳವಾಗಿ ಅಗೆಯದೆ ನಿದ್ರೆ ಮಾಡುವಂತಿರಲಿಲ್ಲ. ಅಗೆದರೂ ಉಳಿಯಲಿಲ್ಲ, 1694ರಲ್ಲಿ ಚಿಕ್ಕದೇವರಾಜ ಒಡೆಯರು ಅದನ್ನು ವಶಪಡಿಸಿಕೊಂಡರು. ಆ ಸೀಮೆಯ ನೆರೆಯ ಕೊಡಗಿನಲ್ಲಿ ಊರನ್ನಷ್ಟೇ ಅಲ್ಲ, ನಾಡುಗಳ ಎಲ್ಲೆಯನ್ನೇ ಬೆಟ್ಟಕಣಿವೆಗಳ ಮೇಲೆ ಹಾದು ಹೋಗುವ ಗುಣಿಗಳಿಂದ ಭದ್ರಪಡಿಸಿದ್ದರು. ಅವುಗಳಿಗೆ ಅಲ್ಲಿ ಕಡಂಗಗಳೆಂದು ಹೆಸರು. ಅದೇ ಬೇರೊಂದು ಭಾಷಣಕ್ಕೆ ಸಾಕಾಗುವ ವಿಷಯ.

ಹಾಸನದ ಕೋಟೆಯ ಕಥೆ ಎಲ್ಲರೂ ಕೇಳಿದ್ದೇ. ಪಕ್ಕದ ಚನ್ನಪಟ್ಟಣದಲ್ಲಿದ್ದ ನಾಯಕನಿಗೆ ಮೊಲ ಕಾಣಿಸಿ ಅಪಶಕುನವಾಯಿತೆಂದೂ, ಹಾಸನಾಂಬೆಯು ಅಭಯವಿತ್ತು ಈ ಸ್ಥಳದಲ್ಲಿ ಕೋಟೆ ಕಟ್ಟೆಂದಳೆಂದೂ ಹೇಳುವರು. ದೇವಿಯ ಗುಡಿ ವರ್ಷಕ್ಕೊಮ್ಮೆ ಬಾಗಿಲು ತೆರೆಯುವಾಗ ನೆರೆಯುವ ಸಹಸ್ರಾರು ಜನರಲ್ಲಿ ಆ ಕೋಟೆ ಎಲ್ಲಿತ್ತೆಂದು ಕೇಳುವವರು ಎಷ್ಟು ಮಂದಿಯೋ ಕಾಣೆವು.

ನಮ್ಮ ವಿಷಯಕ್ಕೆ ಎಲ್ಲಕ್ಕಿಂತ ಹೆಚ್ಚಿನ ಸಾಮಗ್ರಿಯುಳ್ಳದ್ದು ಚನ್ನರಾಯಪಟ್ಟಣ. ಅದರ ಮೊದಲ ಹೆಸರು ಕೊಳತೂರು. ಬರಿಯ ಒಂದು ಅಗ್ರಹಾರ. 1600ರ ಸುಮಾರಿಗೆ ಹೊಳೆನರಸೀಪುರದ ಲಕ್ಷ್ಮಪ್ಪನಾಯಕನು ಅದನ್ನು ಹಿಡಿದು, ಚನ್ನರಾಯಸ್ವಾಮಿಯ ಗುಡಿ ಕಟ್ಟಿಸಿ, ಆ ಸ್ವಾಮಿಯ ಅನುಗ್ರಹದಿಂದ ಹುಟ್ಟಿದ ಮಗನಿಗೆ ಊರನ್ನು ಉಂಬಳಿಯಾಗಿ ಕೊಟ್ಟನು. ಮುಂದೆ ಮೈಸೂರಿಗೆ ಸೇರಿದ ಈ ಕೋಟೆಗೆ ಹೈದರಾಲಿಯು ನೀರು ನಿಲ್ಲುವ ಅಗಳನ್ನೂ ತಿರುವು ಬಾಗಿಲುಗಳನ್ನೂ ಮಾಡಿಸಿದನೆಂದು ಗೆಜೆಟಿಯರಿನಲ್ಲಿದೆ. ತಿರುವು ಬಾಗಿಲೆಂದರೆ, ಒಂದು ಬಾಗಿಲನ್ನು ದಾಟಿದವನಿಗೆ ಎದುರಿಗೆ ಗೋಡೆ ಅಡ್ಡ ನಿಂತು, ಪಕ್ಕಕ್ಕೆ ಹೊರಳಿ ಮತ್ತೊಂದು ಬಾಗಿಲನ್ನು ಹುಡುಕಬೇಕಾದ ಏರ್ಪಾಡು. ಹುಡುಕುವಷ್ಟರಲ್ಲಿ ಮೇಲಿನಿಂದ ಕಲ್ಲೋ ಗುಂಡೋ ಬೀಳುವುದು. ಹೈದರನು ಈ ವೆಚ್ಚಕ್ಕೆ ಕೈಹಾಕಿದ್ದು ಮರಾಠರ ಭಯದಿಂದ. ಅವರ ಕುದುರೆದಂಡು ಮೈಸೂರು ಸೀಮೆಗೆ ಮತ್ತೆ ಮತ್ತೆ ನುಗ್ಗಿತು. 1771ರ ಮಾರ್ಚಿಯಲ್ಲಿ ಮೇಲುಕೋಟೆಯ ಬಳಿಯ ಚಿನಕುರಳಿಯಲ್ಲಿ ಹೈದರನೇ ಸೋತು ಶ್ರೀರಂಗಪಟ್ಟಣಕ್ಕೆ ಓಡಬೇಕಾಯಿತು. ಚನ್ನರಾಯಪಟ್ಟಣಕ್ಕೆ ಮೇಲುಕೋಟೆ ದೂರವಲ್ಲ. ಕುದುರೆಗೆ ಗೋಡೆಯ ಭಯ ಕಡಿಮೆ, ಗುಣಿಯ ಭಯ ಹೆಚ್ಚು. ನೀರು ತುಂಬಿ ಆಳ ತಿಳಿಯದ ಗುಣಿಯಾದರಂತೂ ಸವಾರನಿಗೂ ಭಯವೇ.

ನೀರಿನ ಅಗಳು ಎಂಬುದನ್ನು ಗೆಜೆಟಿಯರು ಎತ್ತಿ ಹೇಳಬೇಕಾದದ್ದೇಕೆ? ಅದು ನಮ್ಮ ನಾಡಿನಲ್ಲಿ ಸುಲಭದ ವಸ್ತುವಲ್ಲ. ನಮ್ಮ ಕೆಂಪು ಮಣ್ಣು ನೀರನ್ನು ಹೀರಿ ಕೆಳಕ್ಕೆ ಬಿಡುವುದು. ಮೇಲುಗಡೆ ಕೆರೆಯೊಂದಿದ್ದು ಅದರ ಒಸರು ಇಳಿದು ಬರಬೇಕು, ಇಲ್ಲವೆ ತಳಕ್ಕೆ ಜೇಡಿಮಣ್ಣು ಮೆತ್ತಬೇಕು. ಆದ್ದರಿಂದ ಹಳ್ಳಿಯ ಕೋಟೆಗಳ ಅಗಳುಗಳು ಬಹುಮಟ್ಟಿಗೆ ಒಣಗಿದ ಗುಣಿಗಳು. ನೀರಿಗೆ ಬದಲಾಗಿ ಕಳ್ಳಿ, ಕತ್ತಾಳೆ, ಬಿದಿರುಮೆಳೆ. 1791ರ ಮಾರ್ಚಿಯಲ್ಲಿ ಕಾರನ್‌ವಾಲಿಸನ ಸೈನ್ಯ ಬೆಂಗಳೂರು ಪೇಟೆಗೆ ಬಂದಾಗ ಅದನ್ನೆದುರಿಸಿದ್ದೂ ಹೀಗೆಯೇ ಅಗಳಿನ ಜೊತೆಗೆ ಬೆಳೆಸಿದ್ದ ಮುಳ್ಳುಬೇಲಿ.

ಇಂಗ್ಲೆಂಡಿನಲ್ಲಿ ಹಾಗಲ್ಲ. ಆ ದೇಶದ ಪೂರ್ವ ಮತ್ತು ನಡುಭಾಗದ ಜೇಡಿನೆಲದಲ್ಲಿ ಗುಣಿ ತೋಡಿದರೆ ಸಾಕು, ಮಳೆಯ ನೀರು ತಾನೇ ನಿಲ್ಲುವುದು. ಅಲ್ಲಿ ಐದು ಸಾವಿರಕ್ಕೂ ಹೆಚ್ಚು ಅಗಳಿನ ಮನೆಗಳ ಗುರುತು ಸಿಕ್ಕಿದೆ. ಬಹಳ ಪಾಲು 1200ರಿಂದ 1325ರ ಒಳಗೆ ತೋಡಿದವು. ಷೇಕ್ಸ್‌ಪಿಯರನ ಒಂದು ನಾಟಕದಲ್ಲಿ ಮರಿಯಾನ ಎಂಬ ಪರಿತ್ಯಕ್ತೆಯು ಅಗಳು ಸುತ್ತಿದ ಒಂದು ಒಕ್ಕಲುಮನೆಯಲ್ಲಿ ಒಂಟಿಯಾಗಿ ವಾಸಿಸುವಳು. ಅವಳನ್ನೇ ಕುರಿತು ಟೆನಿಸನ್ 1830ರಲ್ಲಿ ಒಂದು ಕವಿತೆಯನ್ನು ಪ್ರಕಟಿಸಿದನು. ನಮ್ಮ ಕಾಲೇಜುಗಳ ಹುಡುಗರು ಆ 'ಮೋಟ್' ಎಂಬ ಮಾತಿಗೆ ಟಿಪ್ಪಣಿಯ ಪುಸ್ತಕದಿಂದ ಅರ್ಥ ಬರೆದುಕೊಳ್ಳುತ್ತಾರೆ. ಹೊಳೆನರಸೀಪುರದಿಂದಲೋ ಅರಕಲಗೂಡಿನಿಂದಲೋ ಬಂದ ಹುಡುಗ ತನ್ನ ಊರಿನ ಕೋಟೆ ಬೀದಿಯ ಹಿಂದೆ ಇಂಥದೇ ಒಂದು ಇತ್ತೆಂಬುದನ್ನು ಅರಿಯದೆ, ಕೆಂಟಿನ ಇಥಾಮ್ ಮೋಟ್ ಎಂಬ ಮನೆಯ ಚಿತ್ರವನ್ನು ನೋಡಿ ಬೆರಗಾಗುವನು. ಈ ವಿದ್ಯಾಭ್ಯಾಸವನ್ನು ಏನೆನ್ನೋಣ?

ಎರಡಕ್ಕೂ ಹೋಲಿಕೆಯಿದೆಯೆಂದ ಮಾತ್ರಕ್ಕೆ ಎರಡೂ ಒಂದೇ ಅಲ್ಲ. ಇಂಗ್ಲೆಂಡಿನ ಅಗಳು ಸುತ್ತುವರಿದದ್ದು ಒಬ್ಬ ಜಮೀನುದಾರನ ಒಂದು ಮನೆಯನ್ನು. ನಡುವೆ ಚೌಕನಾದ ನಡುಗಡ್ಡೆ, ಅದರ ಮೇಲೆ ಮರದ ಮನೆ, ದಾಟಲು ಒಂದು ಸೇತುವೆ. ಒಕ್ಕಲುಗಳ ಗುಡಿಸಲೆಲ್ಲ ಹೊರಗೆ. ದೊಡ್ಡ ಶತ್ರುವನ್ನು ತಡೆಯುವ ಶಕ್ತಿ ಆ ಕಿರಿಯ ಅಗಳುಗಳಿಗೆ ಇರಲಿಲ್ಲ. ಕಳ್ಳರಿಗೆ ಅಂಜಿಕೆ, ಮನೆಯ ಸುತ್ತಣ ತೇವಕ್ಕೆ ಬಸಿಗಾಲುವೆ, ಮಾಂಸ ತಿನ್ನದ ಶುಕ್ರವಾರಗಳಿಗೆ ಮೀನು, ಎಲ್ಲಕ್ಕಿಂತ ಹೆಚ್ಚಾಗಿ ನೆರೆಯವನ ಮುಂದೆ ದೊಡ್ಡಸ್ತಿಕೆ. ಇವೇ ಅದರ ಪ್ರಯೋಜನಗಳೆಂದು ವಿದ್ವಾಂಸರು ಹೇಳುವರು. ನಮ್ಮ ಕೋಟೆಯಲ್ಲಿ ನಾಯಕನ ಅರಮನೆಯೂ ಇತ್ತು, ಗುಡಿಯೂ ಇತ್ತು, ಕಣಜವೂ ಇತ್ತು; ದಂಡು ಬಂತೆಂಬ ಕೂಗು ಕೇಳಿದಾಗ ಸುತ್ತಣ ಹಳ್ಳಿಗಳವರು ಮಕ್ಕಳು ಮರಿ ದನಕರುಗಳೊಡನೆ ಒಳಗೆ ಸೇರುತ್ತಿದ್ದರು. 1800-1801ರಲ್ಲಿ ಈ ಸೀಮೆಗಳನ್ನು ಸುತ್ತಿದ ಬುಕನನ್ ಸಾಹೇಬನು ಹಳ್ಳಿಹಳ್ಳಿಗೂ ಮಣ್ಣುಗೋಡೆಯನ್ನು ಕಂಡನು. ನಮ್ಮ ವೀರಗಲ್ಲುಗಳ ಮೇಲೆ 'ತುರುಗೊಳ್', 'ಊರಳಿವು' ಎಂಬ ಮಾತುಗಳು ಸುಮ್ಮನೆ ಬಂದವುಗಳಲ್ಲ. ದನಗಳನ್ನು ಅಟ್ಟಿಕೊಂಡು ಹೋಗುವುದು, ಊರನ್ನು ಸುಡುವುದು ಇವು ವರ್ಷವರ್ಷದ ಸಂಭವಗಳಾಗಿದ್ದ ಕಾಲದಲ್ಲಿ ಅಗಳು ದೊಡ್ಡಸ್ತಿಕೆಯ ಕುರುಹಲ್ಲ, ಸಂಸಾರದ ಅಗತ್ಯ. 'ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರು' ಎಂದು ಇಂದಿಗೂ ಆಡುವವರು ಆ ದಿಡ್ಡಿಯನ್ನು, ಎಂದರೆ ಕೋಟೆಯ ಕಿರುಬಾಗಿಲನ್ನು, ಕಣ್ಣಿಂದ ಕಂಡವರಲ್ಲ. ಅವರ ಅಜ್ಜಂದಿರ ಅಜ್ಜಂದಿರು ಅದರಲ್ಲಿ ನುಸಿದು ಓಡಾಡಿದವರು.

ಅಗಳುಗಳ ಕಾಲ ಮುಗಿದದ್ದು ಫಿರಂಗಿಯಿಂದ. ಮಂಜರಾಬಾದಿನಲ್ಲಿ ಟಿಪ್ಪುಸುಲ್ತಾನನು 1792ರಲ್ಲಿ ಮುಗಿಸಿದ ಎಂಟು ಮೂಲೆಯ ನಕ್ಷತ್ರಾಕಾರದ ಕೋಟೆ, ಫಿರಂಗಿಗೆ ತಕ್ಕ ಉತ್ತರವನ್ನು ಯೂರೋಪಿನ ಮಾದರಿಯಲ್ಲಿ ಹುಡುಕಿದ್ದು. 1799ರ ಮೇ 4ರಂದು ಶ್ರೀರಂಗಪಟ್ಟಣದ ಅಗಳನ್ನೇ ದಾಟಿ ಶತ್ರು ಒಳಹೊಕ್ಕ ಮೇಲೆ ಚಿಕ್ಕಪುಟ್ಟ ಊರುಗಳ ಗುಣಿಗಳಿಗೆ ಏನು ಬೆಲೆ? 1802ರಲ್ಲಿ ಐಗೂರಿನ ವೆಂಕಟಾದ್ರಿನಾಯಕನನ್ನು ವೆಲ್ಲೆಸ್ಲಿಯು ಕಾಡಿನ ಅರಕೆರೆಯಿಂದ ಹೊರಡಿಸಿ ಗಲ್ಲಿಗೇರಿಸಿದನು. ಆಮೇಲೆ ನಾಡಿನಲ್ಲಿ ಕೋಟೆಯ ಅವಶ್ಯಕತೆ ತಪ್ಪಿತು. ಗೋಡೆ ಕುಸಿಯಿತು, ಹಳೆಯ ಕೋಟೆಯ ಮಣ್ಣು ಹೊಲಕ್ಕೆ ಒಳ್ಳೆಯ ಗೊಬ್ಬರವೆಂದು ರೈತರು ಗಾಡಿಯಲ್ಲಿ ಹೇರಿದರು, ಕಲ್ಲು ಮನೆಗಳ ತಳಪಾಯಕ್ಕೆ ಹೋಯಿತು. ಇದರಲ್ಲಿ ಅನ್ಯಾಯವೇನೂ ಇಲ್ಲ. ಬಿಟ್ಟಿಯಲ್ಲಿ ಹೊತ್ತ ಮಣ್ಣನ್ನು ಮೊಮ್ಮಕ್ಕಳು ಹಿಂದಕ್ಕೆ ಪಡೆದರು.

ಗೋಡೆಗೆ ಬಂದ ಗತಿ ಅಗಳಿಗೆ ಒಡನೆಯೇ ಬರಲಿಲ್ಲ. ಗೋಡೆಯನ್ನು ಒಯ್ಯಬಹುದು, ಗುಣಿಯನ್ನು ಯಾರು ಒಯ್ಯುತ್ತಾರೆ? ಇಂಗ್ಲೆಂಡಿನಲ್ಲಿಯೂ ಮರದ ಮನೆ ಕೊಳೆತು ಹೋದ ಮೇಲೆ ಐನೂರು ವರ್ಷ ಅಗಳು ಉಳಿಯಿತು. ಹಸುಗಳು ಅದರಲ್ಲಿ ನೀರು ಕುಡಿದವು. ನಮ್ಮ ಊರುಗಳಲ್ಲಿಯೂ ತಗ್ಗಿನಲ್ಲಿ ಮಳೆಯ ನೀರು ನಿಂತು, ಹತ್ತಿರದ ಬಾವಿಗಳಿಗೆ ಒಸರು ಕೊಡಬಲ್ಲದು. ಆದರೆ ಊರು ಬೆಳೆದಂತೆ ಕಸಕ್ಕೆ ಒಂದು ಗುಣಿ ಬೇಕು. ಗುಣಿ ಸಿದ್ಧವಾಗಿಯೇ ಇದೆ. ಮೊದಲು ಕಸ, ಬಳಿಕ ಬಚ್ಚಲ ನೀರು, ಸೊಳ್ಳೆಯ ದೂರು. ಅದರ ಮೇಲೆ ಮಣ್ಣು, ಮಣ್ಣಿನ ಮೇಲೆ ನಿವೇಶನ. ಹೀಗೆ ಮುಚ್ಚುವವರಿಗೆ ಆರೋಗ್ಯದ ಕಾರಣ ಸದಾ ದೊರೆಯುವುದು. ಸೊಳ್ಳೆಯಾಗುವುದು ಅಗಳಿನಿಂದಲ್ಲ, ಅಗಳಿಗೆ ಬಿಟ್ಟ ಬಚ್ಚಲಿನಿಂದ ಎಂಬುದನ್ನು ಕೇಳುವವರು ವಿರಳ. ಮುಚ್ಚಿದ ಮೇಲೆ ಮಳೆಯ ನೀರು ತನ್ನ ಹಳೆಯ ದಾರಿಯನ್ನು ಮರೆಯುವುದಿಲ್ಲ. ದೊಡ್ಡ ಮಳೆ ಬಂದಾಗ ಆ ಮನೆಗಳ ನಡುಮನೆಯಲ್ಲಿ ಬಂದು ನಿಲ್ಲುವುದು.

ಇಂಗ್ಲೆಂಡು 1882ರಲ್ಲಿಯೇ ಪ್ರಾಚೀನ ಸ್ಮಾರಕಗಳ ಶಾಸನ ಮಾಡಿತು. ಮುಂದೆ ಹುಲ್ಲು ಬೆಳೆದ ಬರಿಯ ಅಗಳುಗಳೂ ಅನೇಕ ಕಡೆ ಆ ಪಟ್ಟಿಗೆ ಸೇರಿದವು. ನಮ್ಮಲ್ಲಿ 1904ರ ಶಾಸನವಾಯಿತು. ಕರ್ನಾಟಕದ್ದೇ ಆದ 1961ರ ಶಾಸನವೂ ಇದೆ. ಶಾಸನದ ಕೊರತೆಯಿಲ್ಲ. ಕೊರತೆಯಿರುವುದು ಕಣ್ಣಿಗೆ. ಕೆತ್ತನೆಯಿಲ್ಲದ್ದನ್ನು ಸ್ಮಾರಕವೆಂದು ನೋಡಲು ನಾವು ಕಲಿಯಲಿಲ್ಲ. ಹೀಗಾಗಿ ಹಳೆಯಬೀಡಿನ ಗುಡಿಗೆ ಕಾವಲಿದೆ. ಆ ಗುಡಿಯನ್ನು ಕಾದ ಕೋಟೆಯ ಅಗಳನ್ನು ನೋಡುವ ಯಾತ್ರಿಕನಿಲ್ಲ.

ನೋಡುವುದು ಕಷ್ಟವೂ ಅಲ್ಲ. 1920ರ ದಶಕದಲ್ಲಿ ಕ್ರಾಫರ್ಡ್ ಎಂಬ ವಿದ್ವಾಂಸನು ವಿಮಾನದಿಂದ ಚಿತ್ರ ತೆಗೆಸಿ, ಉತ್ತು ಮಟ್ಟಮಾಡಿದ ಹೊಲದಲ್ಲಿಯೂ ಹಳೆಯ ಗುಣಿಯ ಗೆರೆ ಕಾಣುವುದನ್ನು ತೋರಿಸಿಕೊಟ್ಟನು. ತುಂಬಿದ ಗುಣಿಯಲ್ಲಿ ಮಣ್ಣು ಸಡಿಲ, ತೇವ ಹೆಚ್ಚು, ಅಲ್ಲಿ ಪೈರು ಹಸಿರಾಗಿ ಎತ್ತರವಾಗುವುದು. ಈಗ ವಿಮಾನವೂ ಬೇಡ. ಉಪಗ್ರಹದ ಚಿತ್ರ ಕೈಯ ಫೋನಿನಲ್ಲಿಯೇ ದೊರೆಯುವುದು. ಅದರ ಪಕ್ಕದಲ್ಲಿ ಸರ್ವೆ ಇಲಾಖೆಯ ಗ್ರಾಮನಕ್ಷೆಯನ್ನಿಟ್ಟು ನೋಡಬೇಕು. ಇಂಥ ತಗ್ಗುಗಳು ಸಾಮಾನ್ಯವಾಗಿ ಖರಾಬು ಎಂದು ಬರೆದಿರುವ ಜಾಗಗಳು. ಉದ್ದನೆಯ ಇಕ್ಕಟ್ಟಾದ ಖರಾಬು ಪಟ್ಟಿ ಊರಿನ ಸುತ್ತ ಬಾಗಿ ಹೋಗಿದ್ದರೆ ಅದು ಬಹುಶಃ ಅಗಳೇ. ಬಳಿಕ ಊರಿನ ಹಿರಿಯರನ್ನು ಕೇಳಬೇಕು. ಕೊತ್ತಳದ ಹೊಲ, ಅಗಳ ಹಿತ್ತಿಲು, ಉಕ್ಕಡದ ಬಾಗಿಲು, ಕೋಟೆ ಮಾರಮ್ಮನ ತಿಟ್ಟು ಎಂಬಂಥ ಹೆಸರುಗಳು ಯಾವ ಕಾಗದದಲ್ಲಿಯೂ ಇರದೆ, ಅವರ ಬಾಯಲ್ಲಿ ಮಾತ್ರ ಇರುತ್ತವೆ. ಅವರು ಹೋದರೆ ಹೆಸರೂ ಹೋಯಿತು. ನೇರವಾಗಿ ಬರುವ ಬೀದಿ ಕಾರಣವಿಲ್ಲದೆ ಎರಡು ಸಲ ತಿರುಗಿದರೆ ಅಲ್ಲಿ ಒಂದು ತಿರುವು ಬಾಗಿಲಿತ್ತೆಂದು ಶಂಕಿಸಬೇಕು.

ಸೋನೆ ನಿಂತ ಮರುದಿನ ಬೆಳಗ್ಗೆ ಕೋಟೆ ಬೀದಿಯ ಹೊರ ಅಂಚಿನಲ್ಲಿ ನಡೆದು ನೋಡಿ. ನೀರು ಯಾವ ಗೆರೆಯಲ್ಲಿ ನಿಂತಿದೆಯೋ ಅದನ್ನು ಗುರುತು ಮಾಡಿಕೊಳ್ಳಿ. ಆಂಜನೇಯನ ಗುಡಿಯಿಂದಲೋ ಹೆಬ್ಬಾಗಿಲ ಉಳಿದ ಕಲ್ಲಿನಿಂದಲೋ ಆರಂಭಿಸಿ ಅಗಲವನ್ನು ಅಳೆದು ಬರೆಯುತ್ತ ಹೋಗಬೇಕು. ಹೈಸ್ಕೂಲಿನ ನಾಲ್ಕು ಮಂದಿ ಹುಡುಗರು, ಅಳತೆಯ ಒಂದು ಟೇಪು, ಗ್ರಾಮನಕ್ಷೆಯ ಒಂದು ನಕಲು, ಹೆಸರು ಹೇಳಲು ಒಬ್ಬ ಅಜ್ಜಿ: ಇಷ್ಟಿದ್ದರೆ ಒಂದೂರಿನ ಅಗಳನ್ನು ಎರಡು ಭಾನುವಾರಗಳಲ್ಲಿ ಅಳೆದು ಮುಗಿಸಬಹುದು.